ರಜೆ ಜಾಗಕ್ಕೆ ಟೀಚರ್ ಆಗಿ ಹೋಗ್ತೀರಾ? ಒರಿಜಿನಲ್ ಮಾರ್ಕ್ಸ್ ಕಾರ್ಡ್ ಮಾತ್ರ ಕೊಡಬೇಡಿ

ಬಿಎಡ್ ಮುಗಿಸಿ ಕಲಬುರಗಿಯಲ್ಲಿ ಕೆಲಸ ಹುಡುಕುತ್ತಿರುವವರಿಗೆ, ಅದರಲ್ಲೂ ಗಣಿತ, ವಿಜ್ಞಾನ ಓದಿದವರಿಗೆ, ಇಂಥ ಕರೆ ಬಂದೇ ಬರುತ್ತದೆ. "ನಮ್ಮ ಮೇಡಂ ರಜೆ ಮ್ಯಾಲೆ ಹೋಗ್ಯಾರ, ನೀವು ಬಂದು ಕ್ಲಾಸ್ ತಗೊಳ್ರಿ." ನನಗೂ ಹಾಗೇ ಬಂತು. ಶಾಲೆಯ ಹೆಸರು ಬೇಡ, ಇಂಥವು ಇನ್ನೂ ಇವೆ.

ಆ ಮೇಡಂ ಹೋಗಿದ್ದು ಹೆರಿಗೆ ರಜೆಗೆ. ಕಾನೂನು ಪ್ರಕಾರ ಅದು 26 ವಾರ. ಆದರೆ ನನಗೆ ಹೇಳಿದ್ದೇ ಬೇರೆ. "ಅವರು ವಾಪಸ್ ಬರಂಗಿಲ್ರಿ, ಮಾರ್ಚ್ ತನಕ ನೀವೇ. ಆಮ್ಯಾಲೆ ಪರ್ಮನೆಂಟ್ ಮಾಡೋಣ." ನೇಮಕದ ಆರ್ಡರ್ ಕೇಳಿದೆ. "ಕೊಡೋಣ ತಗೊಳ್ರಿ, ಎಲ್ಲಿ ಹೋಗ್ತದ?" ಅಂದರು. ಪರಿಶೀಲನೆಗೆ ಅಂತ ಎಸ್ಸೆಸ್ಸೆಲ್ಸಿಯಿಂದ ಬಿಎಡ್‌ವರೆಗಿನ ಒರಿಜಿನಲ್ ಇಸಿದುಕೊಂಡರು. ಅವು ಕ್ಲರ್ಕ್ ಹಿಂದಿನ ಅಲ್ಮಾರಿ ಸೇರಿದವು. ಬಂಗಾರ ಗಿರವಿ ಇಟ್ಟವರಿಗಾದರೂ ಒಂದು ಚೀಟಿ ಸಿಗುತ್ತದೆ, ನನಗೆ ಅದೂ ಇಲ್ಲ.

ಎಲ್ಲರೂ ಹಾಜರಿ ಪುಸ್ತಕದಲ್ಲಿ, ಅಂದರೆ ಮಸ್ಟರ್‌ನಲ್ಲಿ, ಸಹಿ ಮಾಡುತ್ತಿದ್ದರು. ನನಗೆ ಮಾತ್ರ ಬೇರೆ ನೋಟ್‌ಬುಕ್. ಪೆನ್ಸಿಲ್‌ನಲ್ಲಿ ಗೆರೆ ಎಳೆದ ಉದ್ದನೆಯ ನೋಟ್‌ಬುಕ್, ಮೇಲೆ ಶಾಲೆಯ ಹೆಸರಿಲ್ಲ, ಮೊಹರಿಲ್ಲ. ಸಂಬಳ ಕೈಗೆ ನಗದು. ವೋಚರ್‌ನಲ್ಲಿ ಮೊತ್ತದ ಜಾಗ ಖಾಲಿ, ರೆವಿನ್ಯೂ ಸ್ಟಾಂಪ್ ಮೊದಲೇ ಅಂಟಿಸಿರುತ್ತಿದ್ದರು. ಸಹಿ ಹಾಕಿದ ಮೇಲೆ ಅದರಲ್ಲಿ ಎಷ್ಟು ಬರೆದುಕೊಂಡರೋ ಗೊತ್ತಿಲ್ಲ. ಇನ್ನು ಯಾರೇ ರಜೆ ಹಾಕಲಿ, ಆ ಪೀರಿಯಡ್ ನನಗೇ. ಹಿಂದಿ ಕ್ಲಾಸಿಗೂ ಹೋಗಿದ್ದೇನೆ! ಮಕ್ಕಳು ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಹತ್ತನೇ ಕ್ಲಾಸಿನವರು ಸಂಜೆ ಉಳಿದು ತ್ರಿಕೋನಮಿತಿ ಹೇಳಿಸಿಕೊಳ್ಳುತ್ತಿದ್ದರು.

ರಜೆ ಮುಗಿದಾಗ ಮೇಡಂ ಬಂದೇಬಿಟ್ಟರು. ಬರಲೇಬೇಕು, ಅದು ಅವರ ಕೆಲಸ. ನನಗೆ ಹಿಂದಿನ ದಿನ ಸಂಜೆ ಫೋನ್ ಬಂತು, "ನಾಳೆಯಿಂದ ಬರಬ್ಯಾಡ್ರಿ" ಅಂತ. ಮಾರ್ಕ್ಸ್ ಕಾರ್ಡ್ ಕೇಳಿದರೆ, "ಜೂನ್‌ಗೆ ಮತ್ತ ಕರಿತೀವಿ, ಇಲ್ಲೇ ಇರ್ಲಿ ಬಿಡ್ರಿ. ಚಾವಿ ಅಧ್ಯಕ್ಷರ ಕಡೆ ಅದ, ಅವರು ಹೈದರಾಬಾದ್‌ಗೆ ಹೋಗ್ಯಾರ." ಅದೇ ವಾರ ಜೇವರ್ಗಿ ಕಡೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಅತಿಥಿ ಶಿಕ್ಷಕರ ಜಾಗ ಖಾಲಿ ಇತ್ತು. ಮುಖ್ಯ ಶಿಕ್ಷಕರು ಒರಿಜಿನಲ್ ನೋಡದೆ ತಗೊಳ್ಳಲ್ಲ, ಅದು ಸರಿಯೇ. ಜಾಗ ಬೇರೆಯವರಿಗೆ ಹೋಯಿತು.

ಕೊನೆಗೆ ನಮ್ಮ ಕಾಕಾ ಜೊತೆ ಬಂದರು. ಅವರು ಜಗಳ ಆಡಲಿಲ್ಲ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡುವ ದೂರಿನ ಒಂದು ಪ್ರತಿಯನ್ನು ಟೇಬಲ್ ಮೇಲೆ ಇಟ್ಟು, "ಇದಕ್ಕ ನಿಮ್ಮ ಸೀಲ್ ಹಾಕಿ ಕೊಡ್ರಿ" ಅಂದರು, ಅಷ್ಟೇ. ಚಾವಿ ಅಲ್ಲೇ ಡ್ರಾಯರ್‌ನಲ್ಲಿತ್ತು.

ಕೊನೆಯ ತಿಂಗಳ ಸಂಬಳ ಮಾತ್ರ ಬಂದಿಲ್ಲ. ಖಾಸಗಿ ಶಾಲೆ ಶಿಕ್ಷಕರನ್ನು ಕೆಲಸದಿಂದ ತೆಗೆದರೆ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ ನ್ಯಾಯಮಂಡಳಿಗೆ ಮೇಲ್ಮನವಿ ಹೋಗಬಹುದು. ಆದರೆ ಕೆಲಸಕ್ಕೆ ತಗೊಂಡಿದ್ದಕ್ಕೇ ಕಾಗದ ಇಲ್ಲದಾಗ, ತೆಗೆದರು ಅಂತ ಏನು ತೋರಿಸೋದು?

ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕರ ಪಾಡು ಸುಖದ್ದೇನಲ್ಲ. 2025ರ ಬಜೆಟ್‌ನಲ್ಲಿ ಗೌರವಧನ 2,000 ರೂಪಾಯಿ ಏರಿತು ನಿಜ, ಆದರೆ ಹಣ ತಿಂಗಳುಗಟ್ಟಲೆ ತಡ ಆಗುತ್ತದೆ, ಬೇಸಿಗೆ ರಜೆಗೆ ಏನೂ ಇಲ್ಲ. ಆದರೂ ದಾಖಲೆಯಲ್ಲಿ ಹೆಸರಿರುತ್ತದೆ.

ಖಾಸಗಿ ಶಾಲೆಗೇ ಹೋಗುವುದಾದರೆ ಒರಿಜಿನಲ್ ಎದುರಿಗೇ ತೋರಿಸಿ, ವಾಪಸ್ ಬ್ಯಾಗಿಗೆ ಹಾಕಿ. ಝೆರಾಕ್ಸ್ ಮೇಲೆ ಶಾಲೆಯ ಹೆಸರು, ತಾರೀಖು ಬರೆದು ಸಹಿ ಮಾಡಿ ಕೊಡಿ. ಯಾರ ಜಾಗಕ್ಕೆ, ಎಲ್ಲಿಯವರೆಗೆ, ಎಷ್ಟು ಸಂಬಳ ಅನ್ನೋದನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಸಂಬಳ ಬ್ಯಾಂಕ್ ಖಾತೆಗೇ ಹಾಕಿ ಅನ್ನಿ. ಖಾಲಿ ವೋಚರ್ ಮುಂದಿಟ್ಟರೆ ಮೊತ್ತ ನೀವೇ ಅಕ್ಷರದಲ್ಲಿ ಬರೆದು ಆಮೇಲೆ ಸಹಿ ಹಾಕಿ. ಅನುಭವ ಪ್ರಮಾಣಪತ್ರ ಕೆಲಸದಲ್ಲಿ ಇರುವಾಗಲೇ ಕೇಳಿ. ಬಿಟ್ಟ ಮೇಲೆ ನಾನು ಕೇಳಿದ್ದಕ್ಕೆ, "ಮಸ್ಟರ್‌ನಾಗ ನಿಮ್ಮ ಹೆಸರೇ ಇಲ್ಲಲ್ರೀ" ಅಂದರು.