ಗಗನಚುಂಬಿ ನೋಡಲು ಶಾಂಘೈಯಾ, ನ್ಯೂಯಾರ್ಕಾ?

ಎತ್ತರವೇ ಮುಖ್ಯ ಅಂದರೆ ಶಾಂಘೈಗೆ ಹೋಗಿ. ಅಲ್ಲಿನ ಶಾಂಘೈ ಟವರ್ 632 ಮೀಟರ್. ನ್ಯೂಯಾರ್ಕಿನ ವನ್ ವರ್ಲ್ಡ್ ಟ್ರೇಡ್ ಸೆಂಟರ್ 541 ಮೀಟರ್, ಅದರಲ್ಲೂ ತುದಿಯ ಕಂಬದ ಪಾಲು ಜಾಸ್ತಿ. ಚಾವಣಿ ಇರುವುದು 417 ಮೀಟರಿನಲ್ಲಿ!

ಶಾಂಘೈ ಟವರ್ ಮೇಲೆ ಹೋದಂತೆ ತಿರುಚಿಕೊಳ್ಳುತ್ತದೆ. ಅದು ಸುಮ್ನೆ ಅಂದಕ್ಕಲ್ಲ, ಗಾಳಿಯ ಹೊಡೆತ ತಗ್ಗಿಸಲು. ಹೊರಗೆ ಎರಡು ಪದರ ಗಾಜು, ನಡುವೆ ಗಿಡಗಳಿರುವ ಅಂಗಳಗಳು. ಪಕ್ಕದಲ್ಲೇ 492 ಮೀಟರಿನ ವರ್ಲ್ಡ್ ಫೈನಾನ್ಷಿಯಲ್ ಸೆಂಟರ್ ಮತ್ತು ಜಿನ್ ಮಾವೋ ಟವರ್. ಮೂರನ್ನೂ ಒಂದೇ ಕಡೆ ನಿಂತು ನೋಡಬಹುದು.

ನ್ಯೂಯಾರ್ಕಿನ ಸೊಗಸೇ ಬೇರೆ. ಅಲ್ಲಿ ಜಾಗ ಕಮ್ಮಿ. ಬಿಲ್ಡರುಗಳು ಅಕ್ಕಪಕ್ಕದ ಕಟ್ಟಡಗಳು ಬಳಸದೆ ಬಿಟ್ಟ ಎತ್ತರದ ಹಕ್ಕನ್ನೇ ಕೊಂಡು ಮೇಲೇರುತ್ತಾರೆ. ಹಾಗೆ ಎದ್ದದ್ದು 435 ಮೀಟರಿನ 111 ವೆಸ್ಟ್ 57ನೇ ಬೀದಿಯ ಕಟ್ಟಡ. ಅಗಲ ಸುಮಾರು 18 ಮೀಟರ್ ಅಷ್ಟೇ, ಅಗರಬತ್ತಿಯ ಹಾಗೆ! ಆದರೆ ಅದು ಶ್ರೀಮಂತರ ಮನೆಗಳ ಕಟ್ಟಡ, ಒಳಗೆ ಬಿಡುವುದಿಲ್ಲ. 1931ರ ಎಂಪೈರ್ ಸ್ಟೇಟ್ ಹತ್ತಬಹುದು.

2021ರಲ್ಲಿ ಚೀನಾ 500 ಮೀಟರ್ ದಾಟುವ ಹೊಸ ಕಟ್ಟಡಗಳಿಗೆ ತಡೆ ಹಾಕಿತು, ಹಾಗಾಗಿ ಶಾಂಘೈ ಟವರಿನಂಥದ್ದು ಅಲ್ಲಿ ಮತ್ತೆ ಏಳುವುದು ಕಷ್ಟ. ಒಂದೇ ಊರಿಗೆ ದುಡ್ಡಿದ್ದರೆ ನನ್ನ ಆಯ್ಕೆ ಶಾಂಘೈ. ಹಳೆಯದು, ಹೊಸದು ಎರಡೂ ಬೇಕಿದ್ದವರು ನ್ಯೂಯಾರ್ಕಿಗೇ ಹೋಗಲಿ.