ಎರಡು ಕಾಲೇಜು ಖಾತೆಗಳು: ಗೂಗಲ್ ಮತ್ತು ಮೈಕ್ರೋಸಾಫ್ಟ್, ಒಬ್ಬ ವಿದ್ಯಾರ್ಥಿಯ ಬಳಕೆಯಲ್ಲಿ

ಮುಂಬಯಿಯ ಕಾಲೇಜೊಂದರಲ್ಲಿ ಪದವಿ ಓದಿದ ಮೂರು ವರ್ಷ ನಾನು ಬಳಸಿದ್ದು ಕಾಲೇಜು ಕೊಟ್ಟ ಗೂಗಲ್ ವರ್ಕ್‌ಸ್ಪೇಸ್ ಖಾತೆಯನ್ನು. ಸಮಾಜಶಾಸ್ತ್ರದ ಸ್ನಾತಕೋತ್ತರ ಓದಿಗೆ ಪುಣೆಗೆ ಬಂದಾಗ ಇಲ್ಲಿನ ಸಂಸ್ಥೆ ಮೈಕ್ರೋಸಾಫ್ಟ್ 365 ಖಾತೆ ಕೊಟ್ಟಿತು. ಯಾವುದನ್ನೂ ನಾನು ಕೇಳಿ ಪಡೆದದ್ದಲ್ಲ. ಶುಲ್ಕ ಕಟ್ಟಿದ ವಾರದಲ್ಲಿ ಗುರುತಿನ ಚೀಟಿಯ ಜೊತೆಗೆ ತಾವಾಗಿ ಬಂದವು. ಹೀಗಾಗಿ ಅಸೈನ್‌ಮೆಂಟ್, ಗುಂಪಿನ ವರದಿ, ಮಾರ್ಗದರ್ಶಕರೊಡನೆ ಪತ್ರವ್ಯವಹಾರ, ಸಂದರ್ಶನಗಳ ಧ್ವನಿಮುದ್ರಣ ಎಂಬ ಅವೇ ಕೆಲಸಗಳನ್ನು ಎರಡು ಬೇರೆ ವ್ಯವಸ್ಥೆಗಳಲ್ಲಿ ಮಾಡಿ ನೋಡುವ ಅವಕಾಶ ಸಿಕ್ಕಿತು. ಮುಂಬಯಿಯ ಹೋಟೆಲುಗಳಲ್ಲಿ ದುಡಿದ ಕುಂದಾಪುರ ಕಡೆಯವರ ಬದುಕು ನನ್ನ ಪ್ರಬಂಧದ ವಿಷಯವಾದ್ದರಿಂದ ನನ್ನ ಫೈಲುಗಳಲ್ಲಿ ಅರ್ಧಕ್ಕರ್ಧ ಕನ್ನಡವೇ ಇದೆ. ಈ ಹೋಲಿಕೆಯ ತಕ್ಕಡಿ ಸ್ವಲ್ಪ ಆ ಕಡೆಗೆ ವಾಲಿದ್ದರೆ ಅದಕ್ಕೆ ಇದೇ ಕಾರಣ.

ಜಾಗದ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ಸ್ವಂತದ ಉಚಿತ ಗೂಗಲ್ ಖಾತೆಯಲ್ಲಿ ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ 15 ಜಿಬಿ. ಮೈಕ್ರೋಸಾಫ್ಟ್ ಕೊಡುವ ಸ್ವಂತದ ಉಚಿತ ಒನ್‌ಡ್ರೈವ್‌ನಲ್ಲಿ 5 ಜಿಬಿ. ಕಾಲೇಜಿನ ಗೂಗಲ್ ಖಾತೆಗೆ ಮಿತಿಯೇ ಇಲ್ಲವೆಂದು ಸೀನಿಯರುಗಳು ಹೇಳುತ್ತಿದ್ದದ್ದು ಒಂದು ಕಾಲಕ್ಕೆ ನಿಜವೇ ಆಗಿತ್ತು. ಆದರೆ 2021ರಲ್ಲಿ ಆ ಕಂಪನಿ ಇಡೀ ಸಂಸ್ಥೆಗೆ ಒಟ್ಟಾಗಿ 100 ಟಿಬಿ (ಒಂದು ಟಿಬಿ ಎಂದರೆ ಸುಮಾರು ಸಾವಿರ ಜಿಬಿ) ಎಂಬ ಮೂಲ ಮಿತಿಯನ್ನು ಪ್ರಕಟಿಸಿತು. 2024ರಲ್ಲಿ ಮೈಕ್ರೋಸಾಫ್ಟ್ ಕೂಡ ಅದೇ ದಾರಿ ಹಿಡಿಯಿತು. ಇಪ್ಪತ್ತು ಸಾವಿರ ವಿದ್ಯಾರ್ಥಿಗಳಿರುವ ಕಡೆ ಅಷ್ಟನ್ನು ಸಮನಾಗಿ ಹಂಚಿದರೆ ತಲೆಗೆ 5 ಜಿಬಿ ಬರುತ್ತದೆ, ಆದ್ದರಿಂದ ಸಂಸ್ಥೆಗಳು ಒಬ್ಬೊಬ್ಬರ ಪಾಲಿಗೂ ಕಡಿವಾಣ ಹಾಕುವುದರಲ್ಲಿ ಆಶ್ಚರ್ಯವಿಲ್ಲ. ನನಗೆ ಮುಂಬಯಿಯಲ್ಲಿ 10 ಜಿಬಿ ಇತ್ತು, ಪುಣೆಯಲ್ಲಿ 100 ಜಿಬಿ ಇದೆ. ಒಂದು ಗಂಟೆಯ ಡಬ್ಲ್ಯೂಎವಿ (ಕುಗ್ಗಿಸದ ರೂಪದ) ಧ್ವನಿಮುದ್ರಣ 600 ಎಂಬಿ ದಾಟುತ್ತದೆ. ನನ್ನ ಮೂವತ್ತು ಗಂಟೆಗಳ ಸಂದರ್ಶನಗಳಿಗೆ ಹದಿನೆಂಟು ಹತ್ತೊಂಬತ್ತು ಜಿಬಿ ಬೇಕು. ಈ ಒಂದು ಲೆಕ್ಕದಲ್ಲಿ ಪುಣೆಯ ಖಾತೆಯದೇ ಗೆಲುವು.

ಕನ್ನಡದ ಬರವಣಿಗೆಗೆ ಬಂದರೆ ತೀರ್ಪು ಇಷ್ಟು ಸುಲಭವಲ್ಲ. ಗೂಗಲ್ ಡಾಕ್ಸ್‌ನಲ್ಲಿ ನೋಟೋ ಸೆರಿಫ್ ಕನ್ನಡ, ಬಾಲೂ ತಮ್ಮ, ತಿರೋ ಕನ್ನಡ ಮುಂತಾದ ಫಾಂಟುಗಳು ಅದರ ಪಟ್ಟಿಯಲ್ಲೇ ದೊರೆಯುತ್ತವೆ. ಯಾವುದನ್ನೂ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಕಾಗಿಲ್ಲ; ಡೊಂಬಿವಲಿಯಲ್ಲಿ ಚಿಕ್ಕಪ್ಪನ ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ತೆರೆದರೂ ಪುಟ ಅದೇ ರೂಪದಲ್ಲಿ ಕಾಣುತ್ತದೆ. ವರ್ಡ್‌ನಲ್ಲಿ ವಿಂಡೋಸ್ ಜೊತೆಗೆ ಬರುವ ನಿರ್ಮಲಾ ಯುಐ ಪರದೆಯ ಓದಿಗೆ ಚೆನ್ನಾಗಿದೆ, ಮುದ್ರಿಸಿದ ಪ್ರಬಂಧಕ್ಕೆ ನನಗೆ ರುಚಿಸಲಿಲ್ಲ. ಬೇರೆ ಫಾಂಟು ಬೇಕಾದರೆ ನಾವೇ ಹಾಕಿಕೊಳ್ಳಬೇಕು. ಇಲ್ಲಿಯವರೆಗೆ ಗೂಗಲ್‌ನ ಪಕ್ಷ.

ಆದರೆ ಡೊಂಬಿವಲಿಯ ಹಿರಿಯರೊಬ್ಬರು ಪೆನ್‌ಡ್ರೈವಿನಲ್ಲಿ ಕೊಟ್ಟ ಹಳೆಯ ಸ್ಮರಣ ಸಂಚಿಕೆಯ ಲೇಖನಗಳು ಈ ಪಕ್ಷವನ್ನು ತಿರುಗಿಸಿಬಿಟ್ಟವು. ಅವು, ಪ್ರತಿ ಅಕ್ಷರಕ್ಕೂ ಎಲ್ಲ ಕಂಪ್ಯೂಟರುಗಳಲ್ಲಿ ಒಂದೇ ಸಂಕೇತ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟಿನಲ್ಲಿ ಟೈಪಾದ ವರ್ಡ್ ಫೈಲುಗಳು. ಅಂಥ ಫಾಂಟುಗಳು ಇಂಗ್ಲಿಷ್ ಮತ್ತು ಐರೋಪ್ಯ ಅಕ್ಷರಗಳ ಮನೆಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟು ಇಲ್ಲದ ಕಡೆ ತೆರೆದರೆ ಮನೆಯ ಮೂಲ ಒಡೆಯರೇ ಹೊರಗೆ ಬಂದು ನಿಲ್ಲುತ್ತಾರೆ. ಡಾಕ್ಸ್‌ಗೆ ನಮ್ಮ ಫಾಂಟನ್ನು ಸೇರಿಸುವ ದಾರಿಯಿಲ್ಲವಾದ್ದರಿಂದ ಅಲ್ಲಿ ಕಂಡದ್ದು ತಲೆಯ ಮೇಲೆ ಚುಕ್ಕೆ, ಗೆರೆ, ಟೋಪಿ ಹೊತ್ತ ಅಕ್ಷರಗಳ ಸಂತೆ. ಲ್ಯಾಪ್‌ಟಾಪಿನಲ್ಲಿ ಆ ಹಳೆಯ ಫಾಂಟನ್ನು ಹಾಕಿ, ಬ್ರೌಸರಿನಲ್ಲಲ್ಲದೆ ಯಂತ್ರದಲ್ಲೇ ಇರುವ ಡೆಸ್ಕ್‌ಟಾಪ್ ವರ್ಡ್‌ನಲ್ಲಿ ತೆರೆದ ಕೂಡಲೇ ಲೇಖನಗಳು ಅಚ್ಚುಕಟ್ಟಾಗಿ ಕನ್ನಡಕ್ಕೆ ಬಂದವು. ಆದರೂ ಹುಡುಕು ಪೆಟ್ಟಿಗೆಯಲ್ಲಿ ‘ಹೋಟೆಲು’ ಎಂದು ಕೊಟ್ಟರೆ ಒಂದೂ ಸಿಗದು, ಏಕೆಂದರೆ ಒಳಗಿರುವುದು ಈಗಲೂ ಇಂಗ್ಲಿಷ್ ಸಂಕೇತವೇ. ಕೊನೆಗೆ ಪರಿವರ್ತಕವೊಂದರಲ್ಲಿ ಹಾಯಿಸಿ ಯೂನಿಕೋಡಿಗೆ ತಂದೆ. ಅರ್ಕಾವತ್ತು ಇರುವಲ್ಲೆಲ್ಲ ‘ಕಾರ್ಮಿಕ’ ಎಂಬುದು ‘ಕಾಮಿರ್ಕ’ ಆಗಿ ಕೂತಿತ್ತು. ಎರಡು ರಾತ್ರಿ ಕೂತು ಕೈಯಿಂದ ತಿದ್ದಿದೆ. ಹಳೆಯ ಕನ್ನಡ ಫೈಲುಗಳ ಸಹವಾಸವಿರುವವರಿಗೆ ಡೆಸ್ಕ್‌ಟಾಪ್ ವರ್ಡ್ ಇಲ್ಲದೆ ಗತಿಯಿಲ್ಲ ಎನ್ನುವುದು ನನಗೆ ಆಗ ಖಚಿತವಾಯಿತು. ಸಂಸ್ಥೆಗಳಿಗೆ ಉಚಿತವಾಗಿ ಸಿಗುವ ಎ1 ಯೋಜನೆಯಲ್ಲಿ ವರ್ಡ್ ಬ್ರೌಸರಿನಲ್ಲಿ ಮಾತ್ರ ತೆರೆಯುತ್ತದೆ. ಡೆಸ್ಕ್‌ಟಾಪ್ ವರ್ಡ್ ಬೇಕಾದರೆ ಸಂಸ್ಥೆ ಅದರ ಮೇಲಿನ ಯೋಜನೆಗೆ ಹಣ ಕೊಟ್ಟಿರಬೇಕು. ನಮ್ಮಲ್ಲಿ ಕೊಟ್ಟಿದ್ದಾರೆ.

ಅದೇ ಸಂಚಿಕೆಯ, ಫೈಲು ಉಳಿಯದ ಪುಟಗಳಿಗೆ ಮತ್ತೆ ಗೂಗಲ್ ಕಡೆಗೇ ಹೋಗಬೇಕಾಯಿತು. ಪುಟದ ಫೋಟೋ ತೆಗೆದು ಡ್ರೈವ್‌ಗೆ ಏರಿಸಿ, ಅದನ್ನು ಡಾಕ್ಸ್‌ನಲ್ಲಿ ತೆರೆಯುವಂತೆ ಹೇಳಿದರೆ ಚಿತ್ರದ ಕೆಳಗೆ ಕನ್ನಡ ಪಠ್ಯ ಮೂಡುತ್ತದೆ. ಪುಟಕ್ಕೆ ಹತ್ತಿಪ್ಪತ್ತು ತಪ್ಪು ಇದ್ದರೂ ಟೈಪು ಮಾಡುವುದಕ್ಕಿಂತ ಎಷ್ಟೋ ಮೇಲು. ಡಾಕ್ಸ್‌ನ ಧ್ವನಿ ಟೈಪಿಂಗ್ ಕೂಡ ನಾನು ನಿಧಾನವಾಗಿ ಪುಸ್ತಕದ ಕನ್ನಡ ಹೇಳಿದರೆ ಚೆನ್ನಾಗಿ ಹಿಡಿಯುತ್ತದೆ. ನನ್ನ ಸಂದರ್ಶನದಲ್ಲಿ ‘ಊರಿಗ್ ಹೋಪುಕೆ ಆಯ್ಲಿಲ್ಲೆ’ ಎಂದವರ ಕನ್ನಡಕ್ಕೆ ಮಾತ್ರ ಅದು ಕಿವಿಗೊಡಲಿಲ್ಲ. ಆ ಮೂವತ್ತು ಗಂಟೆಗಳನ್ನು ಇಯರ್‌ಫೋನ್ ಹಾಕಿಕೊಂಡು ಕೈಯಲ್ಲೇ ಬರೆದೆ.

ಮುಂದಿನದು ನೆಟ್‌ವರ್ಕ್ ಇಲ್ಲದ ಹೊತ್ತಿನ ಮಾತು. ತಿಂಗಳಿಗೆ ಎರಡು ಬಾರಿಯಾದರೂ ಸಿಂಹಗಡ ಎಕ್ಸ್‌ಪ್ರೆಸ್‌ನಲ್ಲಿ ಕಲ್ಯಾಣಕ್ಕೆ ಹೋಗುತ್ತೇನೆ. ಲೋಣಾವಳ ದಾಟಿ ಕರ್ಜತ್‌ವರೆಗಿನ ಘಾಟಿಯಲ್ಲಿ ಸುರಂಗದ ಮೇಲೆ ಸುರಂಗ ಬರುತ್ತದೆ, ಫೋನಿನ ಸಿಗ್ನಲ್ ಕಣ್ಣಾಮುಚ್ಚಾಲೆ ಆಡುತ್ತದೆ. ಡಾಕ್ಸ್‌ನಲ್ಲಿ ಆಫ್‌ಲೈನ್ ಸೌಲಭ್ಯವನ್ನು ಮನೆಯಲ್ಲೇ, ಕ್ರೋಮ್ ಬ್ರೌಸರಿನಲ್ಲಿ, ಆಯಾ ಫೈಲಿಗೆ ಮೊದಲೇ ಹಾಕಿಕೊಂಡಿದ್ದರೆ ಬರವಣಿಗೆ ನಿಲ್ಲುವುದಿಲ್ಲ, ಸಿಗ್ನಲ್ ಬಂದಾಗ ಎಲ್ಲವೂ ತಾನಾಗಿ ಮೇಲಕ್ಕೆ ಹೋಗುತ್ತದೆ. ಒನ್‌ಡ್ರೈವ್‌ನಲ್ಲಿ ನೋಡಬೇಕಾದದ್ದು ಫೈಲಿನ ಪಕ್ಕದ ಸಣ್ಣ ಗುರುತನ್ನು: ನೀಲಿ ಮೋಡವಿದ್ದರೆ ಫೈಲು ಲ್ಯಾಪ್‌ಟಾಪಿನಲ್ಲಿ ಹೆಸರಿಗಷ್ಟೇ ಇದೆ, ಹಸಿರು ಗುರುತಿದ್ದರೆ ನಿಜವಾಗಿ ಇದೆ. ಇದನ್ನು ನಾನು ಕಲಿತದ್ದು ಎರಡನೆಯ ಅಧ್ಯಾಯವನ್ನು ರೈಲಿನಲ್ಲಿ ತಿದ್ದಿ ಸಂಜೆಗೆ ಕಳಿಸುತ್ತೇನೆಂದು ಮಾರ್ಗದರ್ಶಕಿ ಮೇಡಂಗೆ ಮಾತು ಕೊಟ್ಟು ಹೊರಟ ದಿನ. ಘಾಟಿಯಲ್ಲಿ ತೆರೆಯಲು ಹೋದರೆ ನೀಲಿ ಮೋಡ. ಕಿಟಕಿಯ ಹೊರಗೆ ಮಳೆಗಾಲದ ನಿಜವಾದ ಮೋಡಗಳೂ ಇದ್ದವು. ಅವನ್ನೇ ನೋಡುತ್ತಾ ಕೂತೆ. ಫೋಲ್ಡರನ್ನು ‘ಸದಾ ಈ ಯಂತ್ರದಲ್ಲಿರಲಿ’ ಎಂದು ಒಮ್ಮೆ ಹೇಳಿಟ್ಟ ಮೇಲೆ ಡೆಸ್ಕ್‌ಟಾಪ್ ವರ್ಡ್ ಘಾಟಿಯಲ್ಲಿ ಡಾಕ್ಸ್‌ಗಿಂತ ಹೆಚ್ಚು ನೆಮ್ಮದಿ ಕೊಟ್ಟಿದೆ.

ಗುಂಪಿನ ಕೆಲಸದಲ್ಲಿ ನನ್ನ ಮತ ಡಾಕ್ಸ್‌ಗೆ. ಮುಂಬಯಿಯಲ್ಲಿ ನಾವು ನಾಲ್ವರು ಒಂದೇ ಫೈಲಿನಲ್ಲಿ ಏಕಕಾಲಕ್ಕೆ ಬರೆಯುತ್ತಿದ್ದೆವು, ಯಾರು ಯಾವ ವಾಕ್ಯವನ್ನು ಅಳಿಸಿದರು ಎಂಬುದು ಆವೃತ್ತಿಗಳ ಇತಿಹಾಸದಲ್ಲಿ ಬಣ್ಣಬಣ್ಣವಾಗಿ ಉಳಿಯುತ್ತಿತ್ತು, ಜಗಳಕ್ಕೆ ಆಸ್ಪದವೇ ಇರಲಿಲ್ಲ. ವರ್ಡ್‌ನಲ್ಲೂ ಈಗ ಇದೆಲ್ಲ ಸಾಧ್ಯ. ಆದರೆ ವರ್ಡ್ ಎಂದರೆ ಮೇಲ್‌ನಲ್ಲಿ ಕಳಿಸುವ ಫೈಲು ಎಂಬ ಹಳೆಯ ರೂಢಿ ಬಿಟ್ಟಿಲ್ಲ: ಒಬ್ಬರು ಇಳಿಸಿಕೊಂಡು ತಿದ್ದುತ್ತಾರೆ, ಇನ್ನೊಬ್ಬರು ‘ಫೈನಲ್ 2’ ಎಂದು ಮರಳಿಸುತ್ತಾರೆ, ವಾರದ ಕೊನೆಗೆ ಐದು ಫೈನಲ್‌ಗಳು ಸೇರಿರುತ್ತವೆ. ಪ್ರಬಂಧವನ್ನು ಕೊನೆಯದಾಗಿ ಅಚ್ಚುಕಟ್ಟು ಮಾಡುವಾಗ ಮಾತ್ರ ಈ ಮತ ಬದಲಾಗುತ್ತದೆ. ಕೋಷ್ಟಕಗಳ ಕ್ರಮಸಂಖ್ಯೆ, ಅವುಗಳ ಪಟ್ಟಿ, ‘ಕೋಷ್ಟಕ 4 ನೋಡಿ’ ಎಂಬಲ್ಲಿ ಸಂಖ್ಯೆ ತಾನಾಗಿ ಬದಲಾಗುವ ಏರ್ಪಾಡು, ಇವೆಲ್ಲ ಡೆಸ್ಕ್‌ಟಾಪ್ ವರ್ಡ್‌ನಲ್ಲಿ ಪಳಗಿದ ಕೈಯ ಕೆಲಸಗಳು. ಮೇಡಂ ತಿದ್ದುವುದೂ ವರ್ಡ್‌ನ ತಿದ್ದುಪಡಿಗಳು ಗುರುತಾಗಿ ಉಳಿಯುವ ಟ್ರ್ಯಾಕ್ ಚೇಂಜಸ್‌ನಲ್ಲೇ. ಶೀಟ್ಸ್ ಮತ್ತು ಎಕ್ಸೆಲ್ ನಡುವೆ ನನ್ನ 140 ಉತ್ತರಪತ್ರಿಕೆಗಳ ಮಟ್ಟಿಗೆ ಯಾವ ವ್ಯತ್ಯಾಸವೂ ಇರಲಿಲ್ಲ.

ಮೇಲ್‌ನಲ್ಲಿ ಜಿಮೇಲ್‌ನ ಹುಡುಕಾಟ ನನ್ನ ಕೈಗೆ ಹೆಚ್ಚು ಒಗ್ಗಿದೆ. ಕಳಿಸಿದ್ದನ್ನು ಹಿಂತೆಗೆದುಕೊಳ್ಳಲು ಅಲ್ಲಿ 30 ಸೆಕೆಂಡುಗಳವರೆಗೆ ಅವಕಾಶ ಇಟ್ಟುಕೊಳ್ಳಬಹುದು, ಬ್ರೌಸರಿನ ಔಟ್‌ಲುಕ್‌ನಲ್ಲಿ 10 ಸೆಕೆಂಡು. ಅಟ್ಯಾಚ್‌ಮೆಂಟ್ ಮರೆಯುವ ನನ್ನಂಥವರಿಗೆ ಈ ಇಪ್ಪತ್ತು ಸೆಕೆಂಡು ದೊಡ್ಡದು. ಔಟ್‌ಲುಕ್ ಬಂದ ಪತ್ರಗಳನ್ನು ‘ಫೋಕಸ್ಡ್’, ‘ಅದರ್’ ಎಂದು ಎರಡು ಮಾಡುತ್ತದೆ. ಎರಡನೆಯದನ್ನು ತೆರೆಯುವ ಅಭ್ಯಾಸ ಮೊದಲ ಸೆಮಿಸ್ಟರಿನಲ್ಲಿ ನನಗೆ ಇರಲಿಲ್ಲವಾದ್ದರಿಂದ ಸೆಮಿನಾರಿನ ದಿನಾಂಕ ಬದಲಾದದ್ದು ತಿಳಿಯದೆ ಖಾಲಿ ಕೊಠಡಿಗೆ ಹೋಗಿ ಬಂದೆ. ಈಗ ಸೆಟಿಂಗ್ಸ್‌ಗೆ ಹೋಗಿ ಆ ವಿಭಜನೆಯನ್ನೇ ತೆಗೆದುಹಾಕಿದ್ದೇನೆ.

ಇಷ್ಟೆಲ್ಲದರ ನಂತರವೂ ನನಗೆ ದೊಡ್ಡದಾಗಿ ಕಂಡ ವ್ಯತ್ಯಾಸ ಖಾತೆ ಮುಚ್ಚುವ ದಿನದ್ದು. ಫಲಿತಾಂಶ ಬಂದ ಮೂರು ತಿಂಗಳಿಗೆ ನನ್ನ ಹಳೆಯ ಕಾಲೇಜು ಖಾತೆಯನ್ನು ತೆಗೆದುಹಾಕಿತು. ಎಚ್ಚರಿಕೆಯ ಪತ್ರ ಕಳಿಸಿದ್ದರಂತೆ, ಅದೇ ಖಾತೆಗೆ. ನಾನು ಅದನ್ನು ತೆರೆದು ತಿಂಗಳುಗಳೇ ಆಗಿದ್ದವು. ಅಳಿಸಿದ ಗೂಗಲ್ ಬಳಕೆದಾರರನ್ನು ಸಂಸ್ಥೆಯ ಆಡಳಿತಗಾರರು 20 ದಿನಗಳೊಳಗೆ ಮರಳಿ ತರಬಹುದು, ಮೈಕ್ರೋಸಾಫ್ಟ್‌ನಲ್ಲಿ 30 ದಿನ. ನಾನು ಕಚೇರಿಯ ಕಿಟಕಿಗೆ ಹೋದದ್ದು ಎರಡೂ ಅವಧಿ ಮೀರಿದ ಮೇಲೆ. ಧ್ವನಿಮುದ್ರಣಗಳು ಪೆನ್‌ಡ್ರೈವಿನಲ್ಲಿದ್ದವು, ಹತ್ತು ಸಂದರ್ಶನಗಳ ಟಿಪ್ಪಣಿ ಹೋಯಿತು. ಶಾಲೆ ಕಾಲೇಜುಗಳ ಗೂಗಲ್ ಖಾತೆಯಲ್ಲಿ ಮೇಲ್ ಮತ್ತು ಡ್ರೈವ್ ಎರಡನ್ನೂ ಸ್ವಂತದ ಖಾತೆಗೆ ನಕಲು ಮಾಡುವ ‘ಟ್ರಾನ್ಸ್‌ಫರ್’ ಎಂಬ ಸೌಲಭ್ಯವಿದೆ, ಸಂಸ್ಥೆ ಅದನ್ನು ಮುಚ್ಚಿಟ್ಟಿರದಿದ್ದರೆ ಕೆಲವು ಗಂಟೆಗಳಲ್ಲೋ ದಿನಗಳಲ್ಲೋ ಕೆಲಸ ಮುಗಿಯುತ್ತದೆ. ನಾನು ಆ ಗುಂಡಿಯನ್ನು ಒತ್ತಲೇ ಇಲ್ಲ.

ಲ್ಯಾಪ್‌ಟಾಪಿನ ಡ್ರೈವ್ ಫೋಲ್ಡರಿನಲ್ಲಿ ಅವೆಲ್ಲ ಇವೆಯೆಂಬ ಧೈರ್ಯ ನನ್ನದಾಗಿತ್ತು. ಆದರೆ ಅಲ್ಲಿ ಕಾಣುವ ಡಾಕ್ಸ್ ಫೈಲು ಬರೀ ವಿಳಾಸದ ಚೀಟಿ, ಬರಹವೆಲ್ಲ ಸರ್ವರಿನಲ್ಲಿರುತ್ತದೆ. ಖಾತೆ ಹೋದರೆ ಚೀಟಿ ಉಳಿಯುತ್ತದೆ, ಮನೆ ಇರುವುದಿಲ್ಲ. ಒನ್‌ಡ್ರೈವ್‌ನಲ್ಲಿ ಹಸಿರು ಗುರುತಿನ ವರ್ಡ್ ಫೈಲು ನಿಜವಾದ ಫೈಲು, ಖಾತೆ ಹೋದರೂ ಲ್ಯಾಪ್‌ಟಾಪಿನಲ್ಲಿ ಉಳಿಯುತ್ತದೆ. ಪರವಾನಗಿ ಮುಗಿದ ಮೇಲೆ ಡೆಸ್ಕ್‌ಟಾಪ್ ವರ್ಡ್ ಅದನ್ನು ಓದಲು ಮಾತ್ರ ಬಿಡುತ್ತದೆ, ಆದರೆ ಉಚಿತ ತಂತ್ರಾಂಶವಾದ ಲಿಬ್ರೆ ಆಫೀಸ್‌ನಲ್ಲಿ ತೆರೆದು ತಿದ್ದಲು ಅಡ್ಡಿಯಿಲ್ಲ. ಆದ್ದರಿಂದ ಗುಂಪಿನ ಕರಡುಗಳನ್ನು ಸ್ವಂತದ ಗೂಗಲ್ ಖಾತೆಯ ಡಾಕ್ಸ್‌ನಲ್ಲಿ ಮಾಡಿ, ಪ್ರಬಂಧವನ್ನು ವರ್ಡ್‌ನಲ್ಲಿ ಬರೆದು, ಧ್ವನಿಮುದ್ರಣಗಳಿಗೆ ಪುಣೆಯ ಖಾತೆಯ ಜೊತೆಗೆ ಹೊರಗಿನ ಹಾರ್ಡ್ ಡಿಸ್ಕ್ ಒಂದನ್ನೂ ಇಟ್ಟುಕೊಂಡಿದ್ದೇನೆ.

ಸರಿಪಡಿಸಲಾಗದೆ ಉಳಿದದ್ದು ಒಂದಿದೆ. ಪದವಿಯ ಕೊನೆಯ ವರ್ಷ ಸಂದರ್ಶನ ಕೊಟ್ಟ ಹತ್ತು ಮಂದಿಗೂ, ಹಳೆಯ ಫೋಟೋ ಏನಾದರೂ ಸಿಕ್ಕರೆ ಮಕ್ಕಳ ಕೈಯಲ್ಲಿ ಕಳಿಸಿ ಎಂದು, ಕಾಲೇಜಿನ ಮೇಲ್ ವಿಳಾಸವನ್ನು ಚೀಟಿಯಲ್ಲಿ ಬರೆದುಕೊಟ್ಟಿದ್ದೆ. ಅವರಲ್ಲಿ ನಾಲ್ವರು ಆಮೇಲೆ ಊರಿಗೆ ಹೋದರು. ಮಾಟುಂಗದಲ್ಲಿ ಈಗಲೂ ಕೆಲಸದಲ್ಲಿರುವ ಒಬ್ಬರು ಕಳೆದ ತಿಂಗಳು ಸಿಕ್ಕಾಗ, ‘ಮಗ ಫೋಟೋ ಕಳ್ಸಿದ್ನಲ್ಲ, ಮುಟ್ಟಿತಾ?’ ಎಂದು ಕೇಳಿದರು. ಹೊಸ ಚೀಟಿಯಲ್ಲಿ ನನ್ನ ಸ್ವಂತದ ಜಿಮೇಲ್ ವಿಳಾಸ ಬರೆದು ಅವರ ಕೈಗಿಟ್ಟೆ.