ಸ್ಪೇನಿನ ನಿಂಬೆ ಕಪ್‌ಕೇಕ್: ಮಗ್ದಲೇನಾ ಮಾಡಬೇಕಾ, ಸೊಬಾವೊ ಮಾಡಬೇಕಾ?

ಎರಡಕ್ಕೂ ನಿಂಬೆ ಸಿಪ್ಪೆಯ ತುರಿಯಿಂದಲೇ ಘಮ. ವ್ಯತ್ಯಾಸ ಇರುವುದು ಜಿಡ್ಡಿನಲ್ಲಿ. ಮಗ್ದಲೇನಾಗೆ ಆಲಿವ್ ಇಲ್ಲವೇ ಸೂರ್ಯಕಾಂತಿ ಎಣ್ಣೆ. ಉತ್ತರ ಸ್ಪೇನಿನ ಕಾಂಟಾಬ್ರಿಯಾ ಪ್ರಾಂತ್ಯದ ಸೊಬಾವೊಗೆ ಬೆಣ್ಣೆಯೇ ಆಗಬೇಕು. ಅಲ್ಲಿನ ಪಾಸ್ ಕಣಿವೆ ಹಸುಗಳ ನಾಡಲ್ವಾ!

ಮಗ್ದಲೇನಾದ ತಲೆ ಉಬ್ಬಬೇಕು. ಅದಕ್ಕೆ ಮೊಟ್ಟೆ, ಸಕ್ಕರೆಯನ್ನು ನೊರೆ ಬರುವವರೆಗೆ ಚೆನ್ನಾಗಿ ಕಡೆಯಿರಿ. ಕಲಸಿದ ಹಿಟ್ಟನ್ನು ಒಂದು ಗಂಟೆ ಫ್ರಿಜ್‌ನಲ್ಲಿಡಿ. ಮೇಲೆ ಸಕ್ಕರೆ ಉದುರಿಸಿ, 220 ಡಿಗ್ರಿಗೆ ಕಾದ ಓವನ್‌ನಲ್ಲಿಡಿ. ತಣ್ಣನೆಯ ಹಿಟ್ಟಿಗೆ ಜೋರು ಬಿಸಿ ತಗುಲಿದಾಗ ಗುಮ್ಮಟ ಚೆನ್ನಾಗಿ ಏಳುತ್ತದೆ. ದಯವಿಟ್ಟು ಈ ಹಂತ ಬಿಡಬೇಡಿ.

ಸೊಬಾವೊಗೆ ಚೌಕನೆಯ ಕಾಗದದ ಅಚ್ಚು, 180 ಡಿಗ್ರಿ ಸಾಕು. ಸ್ವಲ್ಪ ರಮ್ ಕೂಡ ಹಾಕುತ್ತಾರೆ.

ಮೊದಲ ಸಲವಾದರೆ ಮಗ್ದಲೇನಾನೇ ಮಾಡಿ. ಎಣ್ಣೆ ಇರುವುದರಿಂದ ಮರುದಿನವೂ ಮೆತ್ತಗಿರುತ್ತದೆ, ಬೆಳಗಿನ ಕಾಫಿಗೆ ಅದ್ದಿ ತಿನ್ನಬಹುದು. ಬೆಣ್ಣೆಯ ರುಚಿ ಜಾಸ್ತಿ ಬೇಕೆನ್ನುವವರಿಗೆ ಸೊಬಾವೊ.